ವೃತ್ತಿ ಆಯ್ಕೆ: ಮಕ್ಕಳ ಉತ್ತರಗಳನ್ನು ಓದುವುದು ಹೇಗೆ?

(ಶಿಕ್ಷಕರು ಮತ್ತು ಪೋಷಕರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕೆರಿಯರ್ ಟೆಸ್ಟ್ ಮುಗಿಸಿ ಬಂದ ಹುಡುಗನಿಗೋ ಹುಡುಗಿಗೋ ನಾವು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಏನು ಬಂತು?" ಗಣಿತದಲ್ಲಿ ಎಷ್ಟು ಬಂತು ಅಂತ ಕೇಳುವ ಹಾಗೆಯೇ ಇದನ್ನೂ ಕೇಳುತ್ತೇವೆ. ಮಕ್ಕಳೂ ಹಾಗೆಯೇ ಉತ್ತರ ಕೊಡುತ್ತಾರೆ. "ನಂಗೆ ಇಂಜಿನಿಯರ್ ಬಂತು", "ನಂಗೆ ಟೀಚರ್ ಬಂತು". ಅಲ್ಲಿಗೆ ಮಾತು ಮುಗಿಯುತ್ತದೆ. ಮನೆಯವರಿಗೆ ಆ ಹೆಸರು ಹಿಡಿಸಿದರೆ ಟೆಸ್ಟ್ ಚೆನ್ನಾಗಿದೆ. ಹಿಡಿಸದಿದ್ದರೆ ಟೆಸ್ಟೇ ಸರಿ ಇಲ್ಲ.

ನಾನು ಇವತ್ತು ಹೇಳಬೇಕೆಂದು ಬಂದಿರುವುದು ಇಷ್ಟು. ಈ ಬಗೆಯ ಟೆಸ್ಟಿನಲ್ಲಿ ಹೊರಗಿನಿಂದ ಏನೂ ಬರುವುದಿಲ್ಲ. ಮಗು ತನ್ನ ಬಗ್ಗೆ ತಾನೇ ಹೇಳಿಕೊಂಡದ್ದನ್ನು ಅದು ಜೋಡಿಸಿ ವಾಪಸ್ ಕೊಡುತ್ತದೆ. ಬಾವಿಯಲ್ಲಿದ್ದರೆ ತಾನೇ ಬಿಂದಿಗೆಗೆ ಬರುವುದು? ಹಾಗಾಗಿ ನಮ್ಮ ಕೆಲಸ ಇರುವುದು ಎರಡು ಕಡೆ. ಟೆಸ್ಟಿಗೆ ಮೊದಲು ಆ ಮಗು ಏನೇನು ನೋಡಿದೆ ಎನ್ನುವುದರಲ್ಲಿ, ಮತ್ತು ಟೆಸ್ಟ್ ಆದಮೇಲೆ ಆ ಉತ್ತರಗಳನ್ನು ಕೂತು ಓದುವುದರಲ್ಲಿ. ಫಲಿತಾಂಶದ ಪುಟಕ್ಕಿಂತ ಉತ್ತರದ ಪುಟಕ್ಕೇ ಬೆಲೆ ಜಾಸ್ತಿ.

ಇದು ಹೊಸ ಮಾತೇನಲ್ಲ. ಈ ಕೆಲಸ ಶುರುವಾದದ್ದೇ ಹೀಗೆ. 1908ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಫ್ರ್ಯಾಂಕ್ ಪಾರ್ಸನ್ಸ್ ಎಂಬುವರು ಕೆಲಸ ಹುಡುಕುವ ಯುವಕರಿಗಾಗಿ ಒಂದು ಮಾರ್ಗದರ್ಶನ ಕಚೇರಿ ತೆರೆದರು. ಬಂದವರಿಗೆ ಉದ್ದದ ಪ್ರಶ್ನಾವಳಿ ಕೊಟ್ಟು, ನಿಮ್ಮ ಬಗ್ಗೆ ನೀವೇ ಯೋಚಿಸಿ ಬರೆಯಿರಿ ಅನ್ನುತ್ತಿದ್ದರು. ಆಮೇಲೆ ಎದುರು ಕೂತು ಮಾತಾಡುತ್ತಿದ್ದರು. ಅವರ ಸೂತ್ರ ಸರಳ: ಮೊದಲು ನಿನ್ನನ್ನು ತಿಳಿ, ಆಮೇಲೆ ಕೆಲಸಗಳನ್ನು ತಿಳಿ, ಕೊನೆಗೆ ಎರಡನ್ನೂ ಹೊಂದಿಸಿ ಯೋಚಿಸು. ಕಚೇರಿ ತೆರೆದ ವರ್ಷವೇ ಅವರು ತೀರಿಕೊಂಡರು. ಅವರ ಪುಸ್ತಕ ಬಂದದ್ದು ಮರುವರ್ಷ, 1909ರಲ್ಲಿ. ಆ ಮೂರು ಮಾತುಗಳಲ್ಲಿ ಮೊದಲನೆಯದನ್ನು ಮಾತ್ರ ನಾವು ಹಿಡಿದುಕೊಂಡಿದ್ದೇವೆ, ಉಳಿದೆರಡನ್ನು ಟೆಸ್ಟೇ ಮಾಡಿಕೊಡಲಿ ಅಂತ ಬಿಟ್ಟಿದ್ದೇವೆ. ನನಗೆ ಬೇಸರ ತರಿಸುವುದು ಇದೇ.

ಇನ್ನೊಂದು ಗೊಂದಲವನ್ನೂ ಈಗಲೇ ಬಿಡಿಸಿಬಿಡೋಣ. ಇಂಥ ಎಲ್ಲ ಟೆಸ್ಟುಗಳನ್ನೂ ನಾವು ಆಪ್ಟಿಟ್ಯೂಡ್ ಟೆಸ್ಟ್, ಅಂದರೆ ಸಾಮರ್ಥ್ಯದ ಟೆಸ್ಟ್, ಅಂತಲೇ ಕರೆದುಬಿಡುತ್ತೇವೆ. ಆಪ್ಟಿಟ್ಯೂಡ್ ಟೆಸ್ಟಿನಲ್ಲಿ ಸರಿ ಉತ್ತರ, ತಪ್ಪು ಉತ್ತರ ಇರುತ್ತದೆ. ಒಂದು ಆಕಾರವನ್ನು ತಿರುಗಿಸಿದರೆ ಹೇಗೆ ಕಾಣುತ್ತದೆ, ಈ ಸಂಖ್ಯೆಯ ನಂತರ ಯಾವುದು ಬರುತ್ತದೆ, ಇಂಥವು. ಆಸಕ್ತಿಯ ಟೆಸ್ಟಿನಲ್ಲಿ ಸರಿ-ತಪ್ಪು ಇಲ್ಲ. ಅಲ್ಲಿ ಮಗು "ಇದು ನನಗೆ ಇಷ್ಟ" ಅಂದರೆ ಇಷ್ಟ ಅಂತ ಅರ್ಥ, ಬರುತ್ತದೆ ಅಂತ ಅಲ್ಲ. ಇಷ್ಟಪಡುವುದು ಬೇರೆ, ಮಾಡಬಲ್ಲೆ ಎನ್ನುವುದು ಬೇರೆ. ಕೆಲಸದಿಂದ ನನಗೇನು ಬೇಕು ಎನ್ನುವುದು ಮೂರನೆಯದು. ಸಂಬಳವೋ, ನೆಮ್ಮದಿಯೋ, ಹೆಸರೋ, ಬಿಡುವೋ. ಒಂದೇ ಕಾಗದದಿಂದ ಮೂರನ್ನೂ ತಿಳಿಯಲು ಹೋದರೆ ಎಡವುತ್ತೇವೆ.

ಇವತ್ತು ಬಹುತೇಕ ಕಡೆ ಬಳಸುವ ಆಸಕ್ತಿಯ ಟೆಸ್ಟುಗಳ ಹಿಂದೆ ಇರುವುದು ಜಾನ್ ಹಾಲೆಂಡ್ ಎಂಬ ಮನಶ್ಶಾಸ್ತ್ರಜ್ಞರ ವಿಚಾರ. ಎರಡನೇ ಮಹಾಯುದ್ಧದ ಕಾಲದಲ್ಲಿ ಅವರು ಸೇನೆಗೆ ಸೇರುವವರ ಸಂದರ್ಶನ ಮಾಡುತ್ತಿದ್ದರು. ಜನರ ಕೆಲಸದ ಕಥೆಗಳು ಕೆಲವೇ ಬಗೆಗಳಲ್ಲಿ ಸೇರಿಕೊಳ್ಳುತ್ತವೆ ಅಂತ ಅವರಿಗೆ ಅಲ್ಲೇ ಹೊಳೆಯಿತು. 1959ರಲ್ಲಿ ಅದನ್ನು ಸಿದ್ಧಾಂತವಾಗಿ ಬರೆದರು. ಆರು ಬಗೆ: ಕೈಯಿಂದ, ಉಪಕರಣಗಳಿಂದ ಮಾಡುವ ಕೆಲಸ. ಹುಡುಕಿ, ಪರೀಕ್ಷಿಸಿ ತಿಳಿಯುವ ಕೆಲಸ. ಕಲೆಯ ಕೆಲಸ. ಜನರಿಗೆ ಕಲಿಸುವ, ನೆರವಾಗುವ ಕೆಲಸ. ಒಪ್ಪಿಸುವ, ಮಾರುವ, ಮುನ್ನಡೆಸುವ ಕೆಲಸ. ಲೆಕ್ಕ, ದಾಖಲೆ, ಕ್ರಮ ನೋಡಿಕೊಳ್ಳುವ ಕೆಲಸ. ಇವನ್ನು ಇದೇ ಸಾಲಿನಲ್ಲಿ ಷಟ್ಕೋನದ ಆರು ಮೂಲೆಗಳಲ್ಲಿ ಇಟ್ಟರೆ, ಪಕ್ಕಪಕ್ಕದವು ಹೆಚ್ಚು ಹೊಂದುತ್ತವೆ, ಎದುರುಬದುರಿನವು ಕಡಿಮೆ. ಯಾರೂ ಪೂರ್ತಿ ಒಂದೇ ಬಗೆಯವರಲ್ಲ. ಅದಕ್ಕೇ ಫಲಿತಾಂಶದಲ್ಲಿ ಸಾಮಾನ್ಯವಾಗಿ ಮೊದಲ ಮೂರು ಬಗೆಗಳನ್ನು ಸೇರಿಸಿ ಒಂದು ಕೋಡ್ ಕೊಡುತ್ತಾರೆ.

ಅಮೆರಿಕದ ಕಾರ್ಮಿಕ ಇಲಾಖೆಯ ಓ-ನೆಟ್ ಎಂಬ ಉಚಿತ ತಾಣದಲ್ಲಿ ಇದೇ ಆರು ಬಗೆಗಳ ಮೇಲೆ ಕಟ್ಟಿದ 60 ಪ್ರಶ್ನೆಗಳ ಟೆಸ್ಟ್ ಇದೆ. ಕಪಾಟು ಮಾಡುವುದು, ಇಟ್ಟಿಗೆ ಅಥವಾ ಟೈಲ್ಸ್ ಹಾಕುವುದು, ಹೊಸ ಔಷಧಿ ಕಂಡುಹಿಡಿಯುವುದು, ಷೇರು ಕೊಂಡು ಮಾರುವುದು, ಹೀಗೆ ಒಂದೊಂದೇ ಕೆಲಸ ಬರುತ್ತದೆ. ತುಂಬಾ ಇಷ್ಟದಿಂದ ಹಿಡಿದು ಸ್ವಲ್ಪವೂ ಇಷ್ಟವಿಲ್ಲ ಎನ್ನುವವರೆಗೆ ಐದು ಆಯ್ಕೆ, ನಡುವೆ "ಖಚಿತವಿಲ್ಲ". ಶುರುವಿನಲ್ಲೇ ಒಂದು ಸೂಚನೆ ಇರುತ್ತದೆ: ಇದಕ್ಕೆ ಎಷ್ಟು ಓದಬೇಕು, ಎಷ್ಟು ಹಣ ಬರುತ್ತದೆ ಅಂತ ಯೋಚಿಸಬೇಡಿ, ಈ ಕೆಲಸ ಮಾಡಲು ಇಷ್ಟವೇ ಅಂತ ಮಾತ್ರ ನೋಡಿ. ಬಹಳ ಒಳ್ಳೆಯ ಸೂಚನೆ. ಮಕ್ಕಳು ಅದನ್ನು ಓದುವುದೇ ಇಲ್ಲ. ದಯವಿಟ್ಟು ಜೋರಾಗಿ ಓದಿ ಹೇಳಿ.

ಈಗ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಷೇರು ಕೊಂಡು ಮಾರುವುದು ಅಂದರೆ ಏನು ಅಂತ ಅವನು ಕಂಡಿಲ್ಲ, ಕೇಳಿಲ್ಲ. ಅವನು ಯಾವುದಕ್ಕೆ ಗುರುತು ಹಾಕುತ್ತಾನೆ? "ಖಚಿತವಿಲ್ಲ" ಅಂತ ಹಾಕಿದರೆ ಪ್ರಾಮಾಣಿಕ ಉತ್ತರ. ಆದರೆ ಸುಮಾರು ಮಕ್ಕಳು "ಇಷ್ಟವಿಲ್ಲ" ಅಂತ ಹಾಕುತ್ತಾರೆ. ಗೊತ್ತಿಲ್ಲದ್ದು ಇಷ್ಟವಿಲ್ಲದ್ದಾಗಿ ಲೆಕ್ಕಕ್ಕೆ ಹೋಗುತ್ತದೆ. ಟೆಸ್ಟಿಗೆ ಇವೆರಡರ ವ್ಯತ್ಯಾಸ ತಿಳಿಯುವುದಿಲ್ಲ. ಎದುರು ಕೂತವರಿಗೆ ಮಾತ್ರ ತಿಳಿಯುತ್ತದೆ.

ಇದಕ್ಕಿಂತ ಆಳವಾದ ವಿಷಯ ಇನ್ನೊಂದಿದೆ. ಲಿಂಡಾ ಗಾಟ್‌ಫ್ರೆಡ್‌ಸನ್ ಎಂಬ ಸಂಶೋಧಕಿ 1981ರಲ್ಲಿ ಹೇಳಿದ್ದು ಇದು. ಮಕ್ಕಳು ಕೆಲಸಗಳನ್ನು ಆರಿಸಿಕೊಳ್ಳುವುದಕ್ಕಿಂತ ಬಹಳ ಮೊದಲೇ ಕೈಬಿಡುತ್ತಾ ಬರುತ್ತಾರೆ. ಸುಮಾರು 6ರಿಂದ 8 ವರ್ಷದೊಳಗೆ "ಇದು ಹುಡುಗರ ಕೆಲಸ, ಇದು ಹುಡುಗಿಯರ ಕೆಲಸ" ಅಂತ ಒಂದಷ್ಟನ್ನು ಬಿಡುತ್ತಾರೆ. 9ರಿಂದ 13ರೊಳಗೆ "ಇದಕ್ಕೆ ಮರ್ಯಾದೆ ಇಲ್ಲ", "ಇದು ನಮ್ಮಂಥವರಿಗೆ ಎಟುಕುವುದಿಲ್ಲ" ಅಂತ ಇನ್ನಷ್ಟನ್ನು ಬಿಡುತ್ತಾರೆ. ನನಗೇನು ಇಷ್ಟ ಎಂಬ ಪ್ರಶ್ನೆ ಬರುವ ಹೊತ್ತಿಗೆ 14 ವರ್ಷವಾಗಿರುತ್ತದೆ. ಅಷ್ಟರಲ್ಲಿ ಪಟ್ಟಿ ಅರ್ಧ ಖಾಲಿ. ನಾವು ಟೆಸ್ಟ್ ಕೊಡುವುದು ಆಮೇಲೆ, ಅಲ್ವಾ? ಎಷ್ಟು ಒಳ್ಳೆಯ ಟೆಸ್ಟ್ ಆದರೂ ಉಳಿದ ಪಟ್ಟಿಯ ಮೇಲೇ ಕೆಲಸ ಮಾಡಬೇಕು.

ಟೆಸ್ಟುಗಳೂ ಈ ವಿಷಯದಲ್ಲಿ ಮುಗ್ಧವಾಗಿರಲಿಲ್ಲ. 1927ರಲ್ಲಿ ಎಡ್ವರ್ಡ್ ಸ್ಟ್ರಾಂಗ್ ಎಂಬುವರು ಒಂದು ಪ್ರಸಿದ್ಧ ಆಸಕ್ತಿ ಪರೀಕ್ಷೆ ತಂದರು. ಒಂದು ವೃತ್ತಿಯಲ್ಲಿ ಈಗಾಗಲೇ ಇರುವವರ ಇಷ್ಟಾನಿಷ್ಟಗಳ ಜೊತೆ ನಮ್ಮವನ್ನು ಹೋಲಿಸುವುದು ಅದರ ವಿಧಾನ. ಆಗ ಅದು ಗಂಡಸರಿಗೆ ಮಾತ್ರ. 1933ರಲ್ಲಿ ಹೆಂಗಸರಿಗೆ ಬೇರೆಯದೇ ನಮೂನೆ ಬಂತು. ಬೇರೆ ಪ್ರಶ್ನೆಗಳು, ಬೇರೆ ವೃತ್ತಿಗಳ ಪಟ್ಟಿ. ಎರಡನ್ನೂ ಒಂದು ಮಾಡಿದ್ದು 1974ರಲ್ಲಿ. ಅಂದರೆ 40 ವರ್ಷ, ಒಂದೇ ಆಸಕ್ತಿಯ ಹುಡುಗ ಮತ್ತು ಹುಡುಗಿ ಎರಡು ಬೇರೆ ಪಟ್ಟಿಗಳನ್ನು ಓದಿದರು. ಎಷ್ಟು ಹುಡುಗಿಯರ ಮುಂದೆ ಎಷ್ಟು ಕೆಲಸಗಳ ಹೆಸರೇ ಬರಲಿಲ್ಲವೋ ಅಂತ ಯೋಚಿಸಿದರೆ ಸಂಕಟವಾಗುತ್ತದೆ.

ಹಾಗಾದರೆ ಏನು ಮಾಡಬೇಕು? ಟೆಸ್ಟಿಗೆ ಮುಂಚೆ ಕೆಲವು ವಾರ ಮಕ್ಕಳಿಗೆ ಕೆಲಸಗಳನ್ನು ತೋರಿಸಿ. ದೊಡ್ಡ ಹೆಸರಿನ ಅತಿಥಿಯನ್ನು ಕರೆಸಿ ಸಾಧನೆಯ ಭಾಷಣ ಮಾಡಿಸುವುದಲ್ಲ. ಸರ್ವೇ ಮಾಡುವವರು, ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವರು, ಲೆಕ್ಕಪತ್ರ ನೋಡುವವರು, ವೆಲ್ಡಿಂಗ್ ಮಾಡುವವರು, ಇಂಥವರು ಬಂದು ತಮ್ಮ ಒಂದು ಸಾಮಾನ್ಯ ದಿನವನ್ನು ಹೇಳಲಿ. ಬೆಳಗ್ಗೆ ಮೊದಲು ಏನು ಮಾಡುತ್ತಾರೆ? ಯಾವ ಭಾಗ ಬೇಜಾರು? ಎಲ್ಲಿ ತಪ್ಪಾಗುವ ಭಯ? ಎಷ್ಟು ಹೊತ್ತು ಒಬ್ಬರೇ ಇರುತ್ತಾರೆ? ಮಕ್ಕಳು ಇಂಥ ಪ್ರಶ್ನೆ ಕೇಳಲಿ. ಆಮೇಲೆ ಅದೇ ಮಕ್ಕಳು ಟೆಸ್ಟ್ ಬರೆದಾಗ ಪೆನ್ಸಿಲ್ ನಿಲ್ಲುವ ಜಾಗಗಳೇ ಬೇರೆಯಾಗುತ್ತವೆ.

ಟೆಸ್ಟ್ ಆದಮೇಲಿನ ಮಾತಿಗೆ ಬರುತ್ತೇನೆ. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು.

ಒಬ್ಬ ಹುಡುಗಿ ನನ್ನೆದುರು ಕೂತಿದ್ದಳು. ಫಲಿತಾಂಶದಲ್ಲಿ ಜನರಿಗೆ ಕಲಿಸುವ, ನೆರವಾಗುವ ಬಗೆಯೇ ಎಲ್ಲಕ್ಕಿಂತ ಮೇಲಿತ್ತು. ಕೆಳಗಿನ ಪಟ್ಟಿಯಲ್ಲಿ ನರ್ಸ್, ಸಮಾಜಸೇವಕಿ, ಶಿಕ್ಷಕಿ, ಆಪ್ತಸಮಾಲೋಚಕಿ ಎಲ್ಲ ಇತ್ತು. ಅವಳಿಗೆ ಯಾವುದೂ ಹಿಡಿಸಿರಲಿಲ್ಲ. "ಟೆಸ್ಟ್ ತಪ್ಪು ಅನ್ಸುತ್ತೆ ಮೇಡಂ" ಅಂದಳು. ಆ ಪುಟ ಪಕ್ಕಕ್ಕಿಟ್ಟು ಉತ್ತರದ ಹಾಳೆ ತೆಗೆದೆವು. ರೋಗಿಗಳ ಆರೈಕೆ ಎಂಬಲ್ಲಿ ಮೊದಲು "ಇಷ್ಟವಿಲ್ಲ" ಅಂತ ಗುರುತು ಹಾಕಿ, ಅಳಿಸಿ, "ಇಷ್ಟ" ಅಂತ ಮಾಡಿದ್ದಳು. ರಬ್ಬರಿನ ಗುರುತು ಸ್ಪಷ್ಟವಾಗಿ ಕಾಣುತ್ತಿತ್ತು. ಯಾಕೆ ಬದಲಾಯಿಸಿದೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟವಿಲ್ಲ ಅಂದ್ರೆ ಕೆಟ್ಟವಳು ಅಂತ ಅನ್ಸುತ್ತಲ್ವಾ?" ಅಂದಳು. ಇನ್ನೂ ಎರಡು ಕಡೆ ಇದೇ ಕಥೆ. ಅಳಿಸದೆ, ಯೋಚಿಸದೆ "ತುಂಬಾ ಇಷ್ಟ" ಅಂತ ಹಾಕಿದ್ದ ಜಾಗ ಒಂದಿತ್ತು, ಕಷ್ಟದ ವಿಷಯವನ್ನು ಬೇರೆಯವರಿಗೆ ವಿವರಿಸುವುದು. ಅದರ ಬಗ್ಗೆ ಕೇಳಿದಾಗ ಮುಖವೇ ಬದಲಾಯಿತು. ಗೆಳತಿಯರಿಗೆ ಗಣಿತದ ಲೆಕ್ಕ ಬಿಡಿಸಿ ತೋರಿಸುವುದು, ಹೊಸ ಫೋನ್ ಬಂದರೆ ಅದು ಹೇಗೆ ಕೆಲಸ ಮಾಡುತ್ತದೆ ಅಂತ ಮನೆಯವರಿಗೆ ಹೆಜ್ಜೆಹೆಜ್ಜೆಯಾಗಿ ಬರೆದುಕೊಡುವುದು, ಇದನ್ನೆಲ್ಲ ಹೇಳುತ್ತಾ ಹೋದಳು. ಅವಳಿಗೆ ಇಷ್ಟವಿದ್ದದ್ದು ಜನರ ಸಂಕಟಕ್ಕೆ ಜೊತೆಯಾಗುವುದಲ್ಲ, ಗೊತ್ತಿರುವುದನ್ನು ಬಿಡಿಸಿ ಹೇಳುವುದು. ಲೆಕ್ಕದಲ್ಲಿ ಇವೆರಡೂ ಒಂದೇ ಬಗೆಯ ಕೆಳಗೆ ಬಂದಿದ್ದವು. ಉಪಕರಣಗಳ ಬಳಕೆಯ ಕೈಪಿಡಿ ಬರೆಯುವುದು, ಕಂಪನಿಗಳಲ್ಲಿ ತರಬೇತಿ ಕೊಡುವುದು, ವಿಜ್ಞಾನ ಕೇಂದ್ರಗಳಲ್ಲಿ ಪ್ರದರ್ಶನ ರೂಪಿಸುವುದು, ಇಂಥ ಕೆಲಸಗಳಿವೆ ಅಂತಲೇ ಅವಳಿಗೆ ಗೊತ್ತಿರಲಿಲ್ಲ. ಆ ಹೆಸರುಗಳನ್ನು ಬರೆದುಕೊಂಡು ಹೋದಳು.

ಹಾಗಾಗಿ ನಾನು ಮಾಡುವುದು ಹೀಗೆ. "ತುಂಬಾ ಇಷ್ಟ" ಅಂತ ಹಾಕಿದ ಐದಾರು ಕಡೆ ಬೆರಳಿಟ್ಟು, "ಇಂಥದ್ದನ್ನು ಕೊನೆಯ ಸಲ ಯಾವಾಗ ಮಾಡಿದೆ?" ಅಂತ ಕೇಳುತ್ತೇನೆ. "ಸ್ವಲ್ಪವೂ ಇಷ್ಟವಿಲ್ಲ" ಅಂದಲ್ಲಿ, "ಇದನ್ನು ಯಾರಾದರೂ ಮಾಡೋದು ನೋಡಿದ್ದೀಯಾ?" ಅಂತ ಕೇಳುತ್ತೇನೆ. ಈ ಎರಡು ಪ್ರಶ್ನೆ ಸಾಕು, ಅರ್ಧ ಗಂಟೆ ಹೇಗೆ ಹೋಯಿತು ಅಂತ ಗೊತ್ತಾಗುವುದಿಲ್ಲ.

ಟೆಸ್ಟೇ ಇಲ್ಲದೆಯೂ ಇದನ್ನು ಮಾಡಬಹುದು. ಲಿಯೋನಾ ಟೈಲರ್ ಎಂಬ ಮನಶ್ಶಾಸ್ತ್ರಜ್ಞೆ 1960ರ ದಶಕದ ಆರಂಭದಲ್ಲಿ ಕಾರ್ಡು ವಿಂಗಡಿಸುವ ವಿಧಾನ ರೂಪಿಸಿದರು. ಒಂದೊಂದು ಕಾರ್ಡಿನಲ್ಲಿ ಒಂದೊಂದು ವೃತ್ತಿಯ ಹೆಸರು. ಬೇಕು, ಬೇಡ, ಹೇಳಲಾರೆ ಅಂತ ಮೂರು ಗುಂಪು ಮಾಡಿಸಬೇಕು. ಆಮೇಲೆ "ಬೇಡ" ಗುಂಪನ್ನು ಅವರ ಕೈಗೇ ಕೊಟ್ಟು, ಒಂದೇ ಕಾರಣಕ್ಕೆ ಬೇಡವಾದವನ್ನು ಒಟ್ಟಿಗೆ ಇಡು ಅನ್ನಬೇಕು. ಆಗ ನೋಡಬೇಕು! ಒಬ್ಬನ ಒಂದು ಕಟ್ಟಿನಲ್ಲಿ ವಕೀಲ, ಮಾರಾಟ ಪ್ರತಿನಿಧಿ, ಟಿವಿ ನಿರೂಪಕ ಇರುತ್ತವೆ. ಕಾರಣ ಕೇಳಿದರೆ, ಎಲ್ಲರ ಮುಂದೆ ಮಾತಾಡಬೇಕಲ್ಲ ಅನ್ನುತ್ತಾನೆ. ಅವನಿಗೆ ವಕಾಲತ್ತು ಬೇಡ ಅಂತಲ್ಲ, ಭಾಷಣದ ಭಯ. ವಕೀಲರ ಕೆಲಸದಲ್ಲಿ ಎಷ್ಟು ಭಾಗ ಓದುವುದು, ಕರಡು ಬರೆಯುವುದು ಅಂತ ಹೇಳಿದರೆ ಆ ಕಾರ್ಡು "ಹೇಳಲಾರೆ" ಗುಂಪಿಗೆ ಸರಿಯುತ್ತದೆ. ಒಂದಷ್ಟು ರಟ್ಟಿನ ಚೂರು, ಒಂದು ಪೆನ್ನು, ಬೇಕಾಗುವುದು ಇಷ್ಟೇ. ನಾನಂತೂ ದುಬಾರಿ ಸಾಫ್ಟ್‌ವೇರಿಗಿಂತ ಇದನ್ನೇ ಹೆಚ್ಚು ನೆಚ್ಚುತ್ತೇನೆ.

ಸಾಮರ್ಥ್ಯದ ಬಗ್ಗೆ ಎಚ್ಚರಿಕೆ ಹೆಚ್ಚು ಬೇಕು. "ಗಣಿತದಲ್ಲಿ ನೀನು ಎಷ್ಟು ಚೆನ್ನಾಗಿದ್ದೀಯ, 1ರಿಂದ 5ರೊಳಗೆ ಅಂಕ ಕೊಡು" ಎಂಬ ಪ್ರಶ್ನೆ ನೋಡಲು ಸರಳ. ಆದರೆ ಶೆಲ್ಲಿ ಕೊರೆಲ್ ಎಂಬ ಸಮಾಜಶಾಸ್ತ್ರಜ್ಞೆ 2001ರ ಅಧ್ಯಯನದಲ್ಲಿ ತೋರಿಸಿದ್ದೇನೆಂದರೆ, ಗಣಿತದಲ್ಲಿ ಒಂದೇ ಮಟ್ಟದ ಅಂಕ ಇದ್ದರೂ ಹುಡುಗರು ತಮ್ಮನ್ನು ಹುಡುಗಿಯರಿಗಿಂತ ಮೇಲೆ ಇಟ್ಟುಕೊಳ್ಳುತ್ತಾರೆ. ಹಾಗೆ ಇಟ್ಟುಕೊಂಡದ್ದು ಮುಂದಿನ ಆಯ್ಕೆಯ ಮೇಲೂ ಪರಿಣಾಮ ಮಾಡುತ್ತದೆ. ಆದ್ದರಿಂದ ಸಾಮರ್ಥ್ಯದ ಪ್ರಶ್ನೆಗೆ ಬರೀ ಅಂಕ ಸಾಲದು. ಪಕ್ಕದಲ್ಲಿ ಒಂದು ಘಟನೆ ಬರೆಸಿ. ಯಾವಾಗ ಮಾಡಿದೆ, ಎಷ್ಟು ಕಷ್ಟವಾಯಿತು, ಯಾರ ಸಹಾಯ ಬೇಕಾಯಿತು. ಹತ್ತಿರದಿಂದ ಕಂಡ ಶಿಕ್ಷಕರೊಬ್ಬರು ಅದೇ ಪ್ರಶ್ನೆಗೆ ಬೇರೆಯಾಗಿ ಉತ್ತರ ಬರೆಯಲಿ. ಎರಡರ ನಡುವೆ ಅಂತರವಿದ್ದರೆ ಮಾತು ಅಲ್ಲಿಂದ ಶುರುವಾಗಲಿ.

ಇನ್ನು ವ್ಯಕ್ತಿತ್ವದ ಟೆಸ್ಟುಗಳು. ಅಂತರ್ಮುಖಿಯೋ ಬಹಿರ್ಮುಖಿಯೋ ಎಂಬಂಥ ನಾಲ್ಕು ಜೋಡಿಗಳಲ್ಲಿ ಒಂದೊಂದು ಕಡೆಗೆ ಒಂದೊಂದು ಅಕ್ಷರ ಹಚ್ಚಿ, ನಾಲ್ಕು ಅಕ್ಷರಗಳ ಹಣೆಪಟ್ಟಿ ಕೊಡುವಂಥವನ್ನು ಹಲವರು ನೋಡಿರುತ್ತೀರಿ. ಅವುಗಳ ತೊಂದರೆ ಏನೆಂದರೆ ನಡುವೆ ಇರುವವರನ್ನೂ ಈ ಕಡೆ ಅಥವಾ ಆ ಕಡೆ ಅಂತ ತಳ್ಳಿಬಿಡುತ್ತವೆ. ಹೆಚ್ಚಿನವರು ಇರುವುದೇ ನಡುವೆ. ಕೆಲವು ವಾರ ಬಿಟ್ಟು ಮತ್ತೆ ಬರೆದರೆ ಅಕ್ಷರ ಬದಲಾಗುವುದು ಅಪರೂಪವೇನಲ್ಲ. ಅದನ್ನು ನಂಬಿ ಕೋರ್ಸ್ ಆರಿಸಬೇಡಿ.

"ಆದರೆ ಅದು ನನ್ನ ಬಗ್ಗೆ ಎಷ್ಟು ಸರಿಯಾಗಿ ಹೇಳಿತ್ತು!" ಅಂತ ಮಕ್ಕಳು ವಾದಿಸುತ್ತಾರೆ. ಅವರಿಗೆ 1948ರ ಒಂದು ಪ್ರಯೋಗದ ಬಗ್ಗೆ ಹೇಳಿ. ಬರ್ಟ್ರಮ್ ಫೋರರ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ ತರಗತಿಯ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವದ ಟೆಸ್ಟ್ ಕೊಟ್ಟರು. ಆಮೇಲೆ ಎಲ್ಲರಿಗೂ ಒಂದೇ ವರದಿ ಹಂಚಿದರು, ಬಹುಪಾಲು ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ ಸಾಲುಗಳು. ನಿಮ್ಮ ವರದಿ ಎಷ್ಟು ಸರಿಯಾಗಿದೆ ಅಂತ ಕೇಳಿದಾಗ ಸರಾಸರಿ ಬಂದ ಅಂಕ 5ಕ್ಕೆ 4.26. ಇದನ್ನು ತರಗತಿಯಲ್ಲಿ ಹೇಳಿದ ದಿನ ಮಕ್ಕಳು ತಮ್ಮ ವರದಿಗಳನ್ನು ಬೇರೆ ಕಣ್ಣಿನಿಂದ ಓದುತ್ತಾರೆ. ಯಾವ ಸಾಲು ನನಗೆ ಮಾತ್ರ ಹೊಂದುತ್ತದೆ, ಯಾವುದು ಯಾರಿಗಾದರೂ ಹೊಂದುತ್ತದೆ ಅಂತ ಗೆರೆ ಎಳೆಯುತ್ತಾ ಕೂರುತ್ತಾರೆ.

ಕೆಲವು ಹಾಳೆಗಳಲ್ಲಿ ಎಲ್ಲ ಆರು ಬಗೆಗಳೂ ಕೆಳಗೇ ಇರುತ್ತವೆ. ಯಾವುದೂ ಇಷ್ಟವಿಲ್ಲ. ಅಂಥ ಹಾಳೆ ಕಂಡರೆ ಟೆಸ್ಟ್ ಮತ್ತೆ ಬರೆಸಲು ಅವಸರ ಮಾಡಬೇಡಿ. ಆ ಮಗುವಿಗೆ ನೋಡಿದ್ದು ಕಡಿಮೆ ಇರಬಹುದು, ಬೇಗ ಮುಗಿಸಿ ಏಳುವ ಆತುರ ಇರಬಹುದು. ಮನಸ್ಸು ಕುಗ್ಗಿರಲೂಬಹುದು. ಕೊನೆಯದಾದರೆ ಆಗ ಬೇಕಾದದ್ದು ವೃತ್ತಿಯ ಮಾತೇ ಅಲ್ಲ. ಮೊದಲು "ಹೇಗಿದ್ದೀಯ?" ಅಂತ ಕೇಳಿ, ಉತ್ತರಕ್ಕೆ ಕಾಯಿರಿ.

ಮಾತುಕತೆಯೇ ಮುಖ್ಯ ಅಂತ ನಾನು ಇಷ್ಟು ಒತ್ತಿ ಹೇಳುತ್ತಿರುವುದು ಬರೀ ನನ್ನ ಅನಿಸಿಕೆ ಅಲ್ಲ. ವೃತ್ತಿ ಮಾರ್ಗದರ್ಶನದ ಬಗ್ಗೆ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಬ್ರೌನ್ ಮತ್ತು ರಯಾನ್ ಕ್ರೇನ್ ಎಂಬ ಸಂಶೋಧಕರು 2000ನೇ ಇಸವಿಯಲ್ಲಿ ಒಂದು ವಿಶ್ಲೇಷಣೆ ಪ್ರಕಟಿಸಿದರು. ನಿಜಕ್ಕೂ ನೆರವಾಗುವುದು ಐದು ಅಂಶ ಅಂತ ಅವರು ಕಂಡುಕೊಂಡರು. ವಿದ್ಯಾರ್ಥಿ ತನ್ನ ಗುರಿಗಳನ್ನು ತಾನೇ ಬರೆಯುವುದು, ಒಬ್ಬೊಬ್ಬರಿಗೂ ಬೇರೆಯಾಗಿ ಫಲಿತಾಂಶ ವಿವರಿಸುವುದು, ವೃತ್ತಿಗಳ ಮಾಹಿತಿ ಕೊಡುವುದು, ಆ ದಾರಿಯಲ್ಲಿ ನಡೆದವರನ್ನು ತೋರಿಸುವುದು, ಮನೆಯವರ ಮತ್ತು ಸ್ನೇಹಿತರ ಬೆಂಬಲ ಕೂಡಿಸುವುದು. ಟೆಸ್ಟ್ ಬರೆಸಿ ವರದಿ ಮನೆಗೆ ಕಳಿಸುವುದು ಈ ಪಟ್ಟಿಯಲ್ಲಿ ಇಲ್ಲ ಅನ್ನುವುದನ್ನು ಗಮನಿಸಿ.

ಈಗ ಪ್ರಶ್ನೆಗಳು. ತಾಯಿಯೊಬ್ಬರು ಕೇಳಿದರು: "ಟೆಸ್ಟ್ ಒಂದು ಹೇಳ್ತು, ಮಗ ಮೊದಲಿಂದ ಇನ್ನೊಂದು ಹೇಳ್ತಿದ್ದಾನೆ. ಯಾವುದನ್ನ ನಂಬಬೇಕು?"

ಅಮ್ಮಾ, ಮಗನ ಮಾತನ್ನು ತಳ್ಳಿಹಾಕಬೇಡಿ. ಹಾಲೆಂಡ್ ಅವರೇ ತಮ್ಮ ಟೆಸ್ಟಿನ ಮೊದಲ ಪುಟಗಳಲ್ಲಿ ವಿದ್ಯಾರ್ಥಿ ಕನಸು ಕಂಡ ವೃತ್ತಿಗಳನ್ನೆಲ್ಲ ಬರೆಯಲು ಜಾಗ ಇಟ್ಟರು. ಮುಂದೆ ಯಾರು ಎಲ್ಲಿಗೆ ಹೋಗುತ್ತಾರೆ ಎನ್ನುವುದನ್ನು ಆ ಕನಸಿನ ಪಟ್ಟಿಯೇ ಟೆಸ್ಟಿನ ಅಂಕದಷ್ಟು, ಕೆಲವೊಮ್ಮೆ ಅದಕ್ಕಿಂತ ಚೆನ್ನಾಗಿ ಹೇಳುತ್ತದೆ ಅಂತ ಅವರ ಅಧ್ಯಯನಗಳಲ್ಲೇ ಬಂತು. ಅದರಲ್ಲೂ ಪಟ್ಟಿಯಲ್ಲಿರುವ ವೃತ್ತಿಗಳೆಲ್ಲ ಒಂದೇ ಬಗೆಯವಾಗಿದ್ದರೆ ಇನ್ನೂ ಗಟ್ಟಿ. ಮಗನ ಹತ್ತಿರ ಆ ಕೆಲಸದ ಒಂದು ದಿನ ಹೇಗಿರುತ್ತದೆ ಅಂತ ಬರೆಸಿ ನೋಡಿ. ಬರೆಯಲು ಆಗದಿದ್ದರೆ ಅದು ಕನಸು ಸುಳ್ಳು ಅನ್ನುವುದಕ್ಕೆ ಸಾಕ್ಷಿಯಲ್ಲ. ಆ ಕೆಲಸದಲ್ಲಿರುವ ಒಬ್ಬರನ್ನು ಅವನು ಭೇಟಿಯಾಗಬೇಕು ಅಂತ ಅಷ್ಟೇ.

ಶಿಕ್ಷಕರೊಬ್ಬರ ಪ್ರಶ್ನೆ: "ಯಾವ ವಯಸ್ಸಿಗೆ ಟೆಸ್ಟ್ ಕೊಡಬೇಕು? ಎಷ್ಟು ಸಲ?"

2005ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆ ಆಸಕ್ತಿಗಳು ಎಷ್ಟು ಸ್ಥಿರ ಅಂತ ನೋಡಿತು. 12ನೇ ವಯಸ್ಸಿನ ಹೊತ್ತಿಗೇ ಅವು ನಾವಂದುಕೊಂಡಿದ್ದಕ್ಕಿಂತ ಸ್ಥಿರವಾಗಿರುತ್ತವೆ, 18ರಿಂದ 22ರ ನಡುವೆ ಇನ್ನೂ ಗಟ್ಟಿಯಾಗುತ್ತವೆ ಅಂತ ಕಂಡುಬಂತು. ಹಾಗಾಗಿ 14ರ ಮಗುವಿನ ಉತ್ತರ ಹುಡುಗಾಟವಲ್ಲ, ಕೊನೆಯ ಮಾತೂ ಅಲ್ಲ. ವಿಷಯ ಆರಿಸಿಕೊಳ್ಳುವ ಗಡುವಿನ ಹಿಂದಿನ ವಾರ ಮಾತ್ರ ಕೊಡಬೇಡಿ. ಆಗ ಯಾರಿಗೂ ಕೂತು ಮಾತಾಡಲು ಪುರುಸೊತ್ತು ಇರುವುದಿಲ್ಲ. ಒಂದು ವರ್ಷ ಮೊದಲೇ ಒಂದು ಸಲ, ಒಂದಷ್ಟು ಕೆಲಸಗಳನ್ನು ನೋಡಿದ ಮೇಲೆ ಇನ್ನೊಂದು ಸಲ ಕೊಡಿ. ಎರಡೂ ಉತ್ತರದ ಹಾಳೆಗಳ ಮೇಲೆ ದಿನಾಂಕ ಬರೆಸಿ, ವಿದ್ಯಾರ್ಥಿಯ ಹತ್ತಿರವೇ ಇರಲಿ. ಬದಲಾದ ಉತ್ತರಗಳಿಗೆ ಅವರೇ ಸುತ್ತು ಹಾಕಲಿ, ಪಕ್ಕದಲ್ಲಿ ಯಾಕೆ ಅಂತ ಒಂದು ಸಾಲು ಬರೆಯಲಿ. ನಿಮ್ಮ ಜೊತೆಗಿನ ಮಾತುಕತೆಗೆ ಬರುವಾಗ ಆ ಎರಡು ಹಾಳೆ ಹಿಡಿದುಕೊಂಡು ಬರಲು ಹೇಳಿ. ಕೋಡ್ ಇರುವ ಪುಟ ಮನೆಯಲ್ಲೇ ಇದ್ದರೂ ಪರವಾಗಿಲ್ಲ.